ಕೆಲಸ ಬಿಡಿ, ಸರ್ವೀಸ್ ಬಿಡಬೇಡಿ

ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಬಹಳ ಕಾಲ ದುಡಿದವನು ನಾನು. ಕೆಲಸ ಬಿಡುವ ಹುಡುಗರು ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದಾಗ ಕೇಳುತ್ತಿದ್ದುದು ಒಂದೇ: "ಸಾರ್, ಪಿಎಫ್ ದುಡ್ಡು ಯಾವಾಗ ಬರುತ್ತೆ?" ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ ಅಂದರೆ, ತಂಗಿ ಮದುವೆ ಇದೆ, ಬೈಕ್ ತಗೋಬೇಕು ಅನ್ನುವ ಉತ್ತರ. ದುಡ್ಡು ಅವರದು, ತಡೆಯಲು ನಾನ್ಯಾರು? ಫಾರಂ 19 ತುಂಬಿ, ಜೊತೆಗೆ 10ಸಿಗೂ ಸಹಿ ಹಾಕಿ ಹೋಗುತ್ತಿದ್ದರು.

ಈ ಎರಡನೆಯ ಫಾರಂ ಯಾಕೆ ಎಂದು ಇಪ್ಪತ್ತೈದರ ವಯಸ್ಸಿನಲ್ಲಿ ಯಾರೂ ಕೇಳುವುದಿಲ್ಲ. ಫಾರಂ 19 ನಿಮ್ಮ ಪಿಎಫ್ ಉಳಿತಾಯಕ್ಕೆ, 10ಸಿ ಪಿಂಚಣಿಗೆ. ಮಾಲೀಕರು ಕಟ್ಟುವ 12%ರಲ್ಲಿ 8.33% ಪಿಂಚಣಿ ಯೋಜನೆಗೆ ಹೋಗುತ್ತದೆ. 2014ರ ಸೆಪ್ಟೆಂಬರ್‌ನಿಂದ ಇದಕ್ಕೆ ₹15,000 ಸಂಬಳದ ಮಿತಿಯಿದ್ದು, ತಿಂಗಳಿಗೆ ಹೆಚ್ಚೆಂದರೆ ₹1,250 ಜಮೆಯಾಗುತ್ತದೆ. ಪಾಸ್‌ಬುಕ್ಕಿನ ಈ ಕಾಲಮ್ಮಿಗೆ ಬಡ್ಡಿ ಬೀಳುವುದಿಲ್ಲ. ಇಲ್ಲಿ ಕೂಡುತ್ತ ಹೋಗುವುದು ಸರ್ವೀಸಿನ ವರ್ಷಗಳು. ಒಟ್ಟು 10 ವರ್ಷ ತುಂಬಿದರೆ 58ರಿಂದ ಜೀವನಪೂರ್ತಿ ಪಿಂಚಣಿ, ನಂತರ ಸಂಗಾತಿಗೂ ಒಂದು ಪಾಲು. 10ಸಿ ಹಾಕಿ ಹಣ ಎತ್ತಿದರೆ ಅಲ್ಲಿಯವರೆಗಿನ ಸರ್ವೀಸ್ ಅಳಿಸಿಹೋಗುತ್ತದೆ.

ಲೆಕ್ಕ ಸರಳ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಿ. ಒಬ್ಬರು ಮೂರು ಕಡೆ 4, 3, 7 ವರ್ಷ ದುಡಿದರು ಅನ್ನಿ. ಎಲ್ಲವೂ ಕೂಡಿದರೆ 14 ವರ್ಷ. ₹15,000ದ ಮೇಲೆ ತಿಂಗಳಿಗೆ ₹3,000 ಪಿಂಚಣಿ. ಮೊದಲ ಎರಡು ಕಡೆಯದನ್ನು ಬಿಡಿಸಿಕೊಂಡಿದ್ದರೆ ಉಳಿದದ್ದು 7 ವರ್ಷ, ಪಿಂಚಣಿ ಸೊನ್ನೆ. ನಿವೃತ್ತಿಯ ಅಂಚಿನಲ್ಲಿದ್ದ ಫಿಟ್ಟರ್ ಒಬ್ಬರಿಗೆ ನಾನು ಈ ಲೆಕ್ಕ ಹೇಳಬೇಕಾಯಿತು. "ಹುಡುಗನಾಗಿದ್ದಾಗಿಂದ ದುಡೀತಿದೀನಲ್ಲ ಸಾರ್, ಅದೆಲ್ಲ ಎಲ್ಲಿ ಹೋಯ್ತು?" ಅಂದರು. ₹3,000 ದೊಡ್ಡ ಮೊತ್ತವಲ್ಲ, ನಿಜ. ಆದರೆ ಬಿಪಿ, ಶುಗರ್ ಮಾತ್ರೆಗೆ ಮಗನ ಮುಂದೆ ಕೈಯೊಡ್ಡದಂತೆ ಮಾಡಲು ಅಷ್ಟು ಸಾಕು.

ಕೆಲಸ ಬದಲಿಸುವವರು ಮೂರು ಸಂಗತಿ ನೋಡಿಕೊಳ್ಳಿ. ಹೊಸ ಕಂಪನಿಗೆ ಹಳೆಯ ಯುಎಎನ್ ಸಂಖ್ಯೆಯನ್ನೇ ಕೊಡಿ. ಹಿಂದಿನ ಕಂಪನಿಯವರು ನೀವು ಬಿಟ್ಟ ದಿನಾಂಕ ದಾಖಲಿಸಿದ್ದಾರೆಯೇ, ಹಳೆಯ ಖಾತೆ ಹೊಸದಕ್ಕೆ ವರ್ಗವಾಗಿದೆಯೇ ಎಂದು ಪರೀಕ್ಷಿಸಿ. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನಾಂಕ ಪಿಎಫ್ ದಾಖಲೆಗೆ ಹೊಂದದಿದ್ದರೆ ಈಗಲೇ ತಿದ್ದಿಸಿ. 5 ವರ್ಷಕ್ಕೆ ಮೊದಲೇ ಪಿಎಫ್ ತೆಗೆದರೆ ಸಾಮಾನ್ಯವಾಗಿ ಆದಾಯ ತೆರಿಗೆಯೂ ಬೀಳುತ್ತದೆ. ವರ್ಗಾಯಿಸಿಕೊಂಡವರಿಗೆ ಹಿಂದಿನ ಸರ್ವೀಸೂ ಆ 5 ವರ್ಷಕ್ಕೆ ಸೇರುತ್ತದೆ.

ಇಷ್ಟಾದರೂ ದುಡ್ಡಿನ ಅಡಚಣೆ ಯಾರನ್ನೂ ಕೇಳಿ ಬರುವುದಿಲ್ಲ. ಪಿಎಫ್ ತೆಗೆಯಲೇಬೇಕಾಗಿ ಬಂದರೆ ಫಾರಂ 19 ಮಾತ್ರ ಹಣಕ್ಕೆ ಹಾಕಿ. 10ಸಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳುವ ಅವಕಾಶವಿದೆ, ಅದನ್ನೇ ಆರಿಸಿ. ಉಳಿತಾಯ ಖರ್ಚಾದರೂ ಸರ್ವೀಸಿನ ವರ್ಷಗಳು ನಿಮ್ಮ ಹೆಸರಿನಲ್ಲೇ ಇರುತ್ತವೆ.