ಕೂಲಿಯೆಂಬ ಶಬ್ದವೂ ಶರಣರ ಕಾಯಕವೂ

ಪಿರಿಯಾಪಟ್ಟಣದ ಹೆಸರಿನಲ್ಲಿ ಹಳಗನ್ನಡದ ಪಕಾರವು ಇಂದಿಗೂ ನಿಂತಿದೆ. ಪಿರಿಯ ಎಂಬುದು ನಾಡಿನಲ್ಲೆಲ್ಲ ಹಿರಿಯ ಎಂದಾಗಿ ಶತಮಾನಗಳೇ ಕಳೆದರೂ ಈ ಊರು ತನ್ನ ಹೆಸರಿನ ಮೊದಲ ರೂಪವನ್ನು ಬಿಟ್ಟುಕೊಡಲಿಲ್ಲ. ಹೀಗೆ ರೂಪವನ್ನು ಕಾಪಾಡಿಕೊಂಡ ಶಬ್ದಗಳಿರುವಂತೆಯೇ, ರೂಪವು ಕೆಡದೆ ಅರ್ಥ ಮಾತ್ರ ಕೆಟ್ಟ ಶಬ್ದಗಳೂ ಉಂಟು. ಅಂಥದೊಂದು ಈ ಸೀಮೆಯ ಒಕ್ಕಲುಮನೆಗಳಲ್ಲಿ ನಿತ್ಯವೂ ಕೇಳಬರುತ್ತದೆ. ಹೊಗೆಸೊಪ್ಪಿನ ಎಲೆ ಬಿಡಿಸುವಾಗ, ಕೊಡಗಿನ ಕಾಫಿ ತೋಟಗಳಿಗೆ ಜನ ಹೊರಡುವಾಗ, ಅದು ಎಲ್ಲರ ಬಾಯಲ್ಲಿಯೂ ಇರುವುದು. ಅದೇ ಕೂಲಿ.

ಕನ್ನಡ, ತಮಿಳು, ತೆಲುಗು, ಮಲೆಯಾಳ ಈ ನಾಲ್ಕರಲ್ಲಿಯೂ ಕೂಲಿಯೆಂದರೆ ದುಡಿದುದಕ್ಕೆ ಸಲ್ಲತಕ್ಕ ಪ್ರತಿಫಲ. ತಮಿಳಿನ ತಿರುಕ್ಕುರಳಿನಲ್ಲಿ ದೇಹಶ್ರಮದ ಫಲವೆಂಬ ಅರ್ಥದಲ್ಲಿಯೇ ಈ ಶಬ್ದವು ಬಂದಿದೆ. ಕೂಲಿ ಪಡೆಯುವಾತನು ಕೂಲಿಕಾರ ಇಲ್ಲವೆ ಕೂಲಿಯಾಳು. ಪ್ರತಿಫಲ ಬೇರೆ, ಮನುಷ್ಯ ಬೇರೆ ಎಂಬ ಭೇದವನ್ನು ಭಾಷೆಯೇ ಕಾದುಕೊಂಡಿತ್ತು. ಕೂಳಿನಿಂದ ಕೂಲಿ ಬಂದಿತೆಂದು ಹೇಳುವವರಿದ್ದಾರೆ. ಕೇಳಲು ಸೊಗಸಾಗಿದ್ದರೂ ಈ ಮಾತು ನಿಲ್ಲದು. ಕೂಳಿನ ಹಳೆಯ ರೂಪ ಕೂೞ್, ಅದರಲ್ಲಿರುವುದು ಇಂದು ನಾವು ಕಳೆದುಕೊಂಡಿರುವ ೞಕಾರ. ಕೂಲಿಯಲ್ಲಿರುವುದು ಲಕಾರ. ಎರಡರ ಮೂಲವೂ ಬೇರೆಬೇರೆ.

ಐರೋಪ್ಯ ವರ್ತಕರು ನಮ್ಮ ಕರಾವಳಿಗಳಿಗೆ ಬಂದ ಮೇಲೆ ಈ ಶಬ್ದಕ್ಕೆ ಹೊಸ ಗತಿ ಒದಗಿತು. ಇಂಗ್ಲಿಷಿನಲ್ಲಿ ಅದು ಕೂಲಿಯನ್ನಲ್ಲ, ಕೂಲಿಕಾರನನ್ನೇ ಸೂಚಿಸತೊಡಗಿತು. ಇದು ದ್ರಾವಿಡದ ಕೂಲಿಯೋ, ಗುಜರಾತಿನ ಕೋಳಿ ಎಂಬ ಜನಾಂಗದ ಹೆಸರೋ ಎಂಬಲ್ಲಿ ನಿಘಂಟುಕಾರರಲ್ಲಿ ಎರಡು ಪಕ್ಷಗಳಿವೆ. ಎರಡೂ ಬೆರೆತಿರಬಹುದೆಂದು ತೋರುತ್ತದೆ. ತುರ್ಕಿಯ ಭಾಷೆಯಲ್ಲಿ ಕುಲ್ ಎಂದರೆ ದಾಸ, ದೇವರ ದಾಸನಿಗೂ ಅದೇ ಮಾತು. ಈ ಧ್ವನಿಸಾಮ್ಯವನ್ನು ನೆಚ್ಚಿ ಸಂಬಂಧ ಕಟ್ಟುವುದು ಸಾಹಸವೇ ಸರಿ. ಚೀನೀಯರು ಈ ಶಬ್ದವನ್ನು ಕಹಿ ಮತ್ತು ಬಲ ಎಂಬರ್ಥದ ಎರಡು ಲಿಪಿಚಿಹ್ನೆಗಳಿಂದ ಬರೆದರು. ಅದು ಮೂಲವಲ್ಲ, ಹೊರಗಿನ ಧ್ವನಿಗೆ ಅವರು ತೊಡಿಸಿದ ಅರ್ಥ. ಆದರೂ ಕಹಿಯಾದ ಬಲವೆಂಬುದಕ್ಕಿಂತ ನಿಜವಾದ ವ್ಯಾಖ್ಯಾನವನ್ನು ಯಾವ ನಿಘಂಟೂ ಕೊಟ್ಟಂತಿಲ್ಲ!

1834ರಿಂದ ಮಾರಿಷಸ್ಸಿಗೆ, 1860ರಿಂದ ದಕ್ಷಿಣ ಆಫ್ರಿಕೆಯ ನೇಟಾಲಿಗೆ ಕರಾರಿನ ಕೂಲಿಕಾರರು ಹಡಗು ಹತ್ತಿದರು. ಅಲ್ಲಿ ಕೂಲಿಯೆಂಬುದು ಬೈಗುಳವಾಯಿತು. 1893ರಲ್ಲಿ ನೇಟಾಲಿಗೆ ಹೋದ ಗಾಂಧೀಜಿಯವರು ಕೂಲಿ ಬ್ಯಾರಿಸ್ಟರ್ ಎನಿಸಿಕೊಂಡರು. ವಕೀಲನಾಗಲಿ ವರ್ತಕನಾಗಲಿ, ಭಾರತೀಯನೆಂದರೆ ಸಾಕು, ಆ ಹೆಸರು ಅಂಟುತ್ತಿತ್ತು. ಮಾರಿಷಸ್ಸಿನಲ್ಲಿ ಅವರು ಇಳಿದ ಕೂಲಿ ಘಾಟ್ ಈಗ ಆಪ್ರವಾಸಿ ಘಾಟ್ ಎಂದು ಹೆಸರಾಗಿ 2006ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ನಮ್ಮ ರೈಲು ನಿಲ್ದಾಣಗಳಲ್ಲಿ ಹೊರೆ ಹೊರುವವರಿಗೂ 2016ರ ರೈಲ್ವೆ ಮುಂಗಡಪತ್ರದಲ್ಲಿ ಸಹಾಯಕರೆಂಬ ಹೆಸರು ಸೂಚಿತವಾಯಿತು.

ದುಡಿಮೆಗೆ ಸಂಬಂಧಿಸಿದ ಬೇರೆ ಮಾತುಗಳ ಕಥೆಯೂ ಸ್ವಾರಸ್ಯವಾಗಿದೆ. ಪಗಾರ, ಮೇಸ್ತ್ರಿ ಇವು ಪೋರ್ತುಗೀಸರಿಂದ ಬಂದವು. ಜೀತವೆಂಬುದು ಸಂಸ್ಕೃತದ ಜೀವಿತದ ತದ್ಭವ, ಹಿಂದೆ ಅದಕ್ಕೆ ಸಂಬಳವೆಂಬ ಗೌರವದ ಅರ್ಥವಿತ್ತು. ಅದೇ ಜೀತವು ಎಷ್ಟು ಕೆಳಗಿಳಿಯಿತೆಂದರೆ 1976ರ ಕಾಯಿದೆಯಿಂದ ಅದನ್ನು ನಿಷೇಧಿಸಬೇಕಾಯಿತು. ಬಿಟ್ಟಿಯೊಂದೇ ಮೊದಲಿನಂತೆ ಉಳಿದಿದೆ. ಸಂಸ್ಕೃತದ ವಿಷ್ಟಿಯ ಕಾಲದಿಂದಲೂ ಅದು ಕೂಲಿ ಕೊಡದೆ ದುಡಿಸಿಕೊಳ್ಳುವುದೇ.

ಈ ಬಿಟ್ಟಿಯ ಮಾತನ್ನು ಇಲ್ಲಿ ಬೇಕೆಂದೇ ಎತ್ತಿದ್ದೇನೆ. ಕೂಲಿ ಹೆಚ್ಚಿಸಿರೆಂದು ಆಳುಗಳು ಕೇಳಿದಾಗ, ಕಾಯಕವೇ ಕೈಲಾಸವಲ್ಲವೇ, ಫಲಾಪೇಕ್ಷೆ ಏಕೆ, ಎಂದು ಉಪದೇಶಿಸುವ ಸದ್ಗೃಹಸ್ಥರುಂಟು. ಕಾಯದಿಂದ ನಡೆಯುವುದಾದ್ದರಿಂದ ಕಾಯಕ, ಅಷ್ಟು ದಿಟ. ಆದರೆ ಅದು ಪ್ರತಿಫಲವಿಲ್ಲದ ದುಡಿಮೆಯೆಂದು ಶರಣರು ಎಲ್ಲಿ ಹೇಳಿದರು? ಪ್ರತಿಫಲವಿಲ್ಲದಿದ್ದರೆ ದಾಸೋಹ ನಡೆಯುವುದು ಯಾವುದರಿಂದ? ಕೊಟ್ಟಣದ ಸೋಮಮ್ಮನ ಕಾಯಕವೇ ಕೂಲಿಗಾಗಿ ಬತ್ತ ಕುಟ್ಟುವುದು. ಮೋಳಿಗೆಯ ಮಾರಯ್ಯನು ಸೌದೆಯ ಹೊರೆಯನ್ನು ಮಾರಿ ಜಂಗಮದಾಸೋಹ ನಡೆಸಿದನು. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದ ಆಯ್ದಕ್ಕಿ ಮಾರಯ್ಯನನ್ನು ಲಕ್ಕಮ್ಮನು ಹಿಂದಕ್ಕೆ ಕಳುಹಿದ ಪ್ರಸಂಗವನ್ನು ಎಲ್ಲರೂ ಬಲ್ಲರು. ಅದು ಪಡೆಯುವವಳು ತನಗೆ ತಾನೇ ಹಾಕಿಕೊಂಡ ಕಟ್ಟು. ಕೊಡುವವನು ಅದನ್ನು ಅಳತೆಗೋಲಾಗಿ ಹಿಡಿದು ಸಲ್ಲತಕ್ಕುದರಲ್ಲಿಯೇ ಕಡಿತ ಮಾಡಿದರೆ, ಅದು ಕಾಯಕತತ್ತ್ವವಲ್ಲ, ಹಳೆಯ ಬಿಟ್ಟಿಯೇ.

ಇನ್ನೊಂದು ವ್ಯತ್ಯಾಸವನ್ನು ಗಮನಿಸಬೇಕು. ಕೊಟ್ಟಣ, ಮೋಳಿಗೆ, ನುಲಿ, ಕದಿರು, ಇವೆಲ್ಲ ಶರಣರ ಹೆಸರುಗಳ ಮುಂದೆ ನಿಂತು ಬಿರುದುಗಳಾದವು. ಸೋಮಮ್ಮನು ಸೋಮಮ್ಮನಾಗಿಯೇ ಉಳಿದಳು, ಚಂದಯ್ಯನು ಚಂದಯ್ಯನಾಗಿಯೇ ಉಳಿದನು. ಕೂಲಿಯೆಂಬ ಹೆಸರಾದರೋ ಹೊತ್ತವನ ಸ್ವಂತ ಹೆಸರನ್ನೇ ನುಂಗಿತು. ಹಡಗಿನ ದಾಖಲೆಗಳಲ್ಲಿ ಮಾತ್ರವಲ್ಲ, ನಮ್ಮ ಹೊಲದ ಬದುವಿನಲ್ಲಿಯೂ. ಬೆಳಗ್ಗೆ ಎಷ್ಟು ಕೂಲಿ ಬಂದಿವೆ ಎಂದು ಕೇಳುವಾಗ ಕ್ರಿಯಾಪದವು ನಪುಂಸಕಲಿಂಗಕ್ಕೆ ಇಳಿದಿರುತ್ತದೆ. ಎತ್ತುಗಳು ಬಂದಿವೆ, ಗಾಡಿಗಳು ಬಂದಿವೆ, ಕೂಲಿ ಬಂದಿವೆ. ಅದೇ ಮನೆಯಲ್ಲಿ, ಜಂಗಮಮೂರ್ತಿಗಳು ಬಂದಾಗ, ಬಂದಿದ್ದಾರೆ ಎನ್ನುತ್ತೇವೆ. ಬತ್ತ ಕುಟ್ಟಲು ಸೋಮಮ್ಮನೇ ಬಂದು ನಿಂತಿದ್ದರೆ ಅಂಗಳದಿಂದ ಒಳಗೆ ಹೋದ ಸುದ್ದಿ ಯಾವ ಲಿಂಗದಲ್ಲಿರುತ್ತಿತ್ತು?