ಹವಳದ ತೊಟ್ಟಿಯಲ್ಲಿ ಪಾಚಿ: ಕಾರಣ ಮತ್ತು ಪರಿಹಾರ

ಗಾಜಿನ ತೊಟ್ಟಿಯಲ್ಲಿ ಕಡಲಿನ ಉಪ್ಪುನೀರನ್ನು ತುಂಬಿ ಹವಳಗಳನ್ನು ಬೆಳೆಸಹೊರಟವರಿಗೆ ಮೊದಲು ಎದುರಾಗುವ ತೊಡಕು ಪಾಚಿ. ಕೆಲವೇ ವಾರಗಳಲ್ಲಿ ಮರಳು, ಕಲ್ಲುಗಳ ಮೇಲೆ ಕಂದುಬಣ್ಣದ ಲೇಪವೊಂದು ಹರಡುತ್ತದೆ. ಇದು ನೀರಿನಲ್ಲಿರುವ ಸಿಲಿಕೇಟನ್ನು ಬಳಸಿ ಬೆಳೆಯುವ ಡಯಾಟಮ್. ಸಿಲಿಕೇಟು ತೀರಿದೊಡನೆ ಬಹುಮಟ್ಟಿಗೆ ತಾನಾಗಿಯೇ ಕ್ಷೀಣಿಸುತ್ತದೆ. ಅನಂತರ ತಲೆದೋರುವ ಹಸಿರು ಎಳೆಪಾಚಿಯು ಅಷ್ಟು ಸುಲಭವಾಗಿ ತೊಲಗದು.

ನೈಟ್ರೇಟು ಮತ್ತು ಫಾಸ್ಫೇಟುಗಳೇ ಅದರ ಪೋಷಕಾಂಶಗಳು. ಮೀನಿನ ಮಲ ಹಾಗೂ ಉಳಿದ ಮೇವಿನಿಂದ ಹುಟ್ಟುವ ಅಮೋನಿಯವನ್ನು ಬ್ಯಾಕ್ಟೀರಿಯಗಳು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಕಲ್ಲಿನ ಒಳರಂಧ್ರಗಳಲ್ಲಿ, ಆಮ್ಲಜನಕವಿಲ್ಲದೆಡೆ, ಬೇರೆ ಬ್ಯಾಕ್ಟೀರಿಯಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಗೊಳ್ಳಲು ತಿಂಗಳುಗಳೇ ಬೇಕು. ಪಾಚಿಗೆ ಹೆದರಿ ಕಲ್ಲುಗಳನ್ನೆಲ್ಲ ನಲ್ಲಿನೀರಿನಲ್ಲಿ ತೊಳೆದರೆ ಈ ಉಪಕಾರಿ ಜೀವಿಗಳೂ ಅಳಿದು, ತೊಂದರೆ ಮರುಕಳಿಸುತ್ತದೆ. ಮೇವನ್ನು ಮಿತಗೊಳಿಸುವುದು, ಶುದ್ಧೀಕರಿಸಿದ ನೀರನ್ನೇ ಬಳಸುವುದು, ಬೆಳಕಿನ ಅವಧಿಯನ್ನು ತಗ್ಗಿಸುವುದು, ಎಳೆಗಳನ್ನು ಕೈಯಿಂದ ಕಿತ್ತು ಹೊರಹಾಕುವುದು, ಇವೇ ಯೋಗ್ಯ ಕ್ರಮಗಳು.

ಪಾಚಿಯನ್ನು ಮೇಯುವ ಬಸವನಹುಳುಗಳನ್ನು ತೊಟ್ಟಿಗೆ ಬಿಡುವುದೂ ಅಗತ್ಯ. ಇಂತಹ ಜೀವಿಗಳ ಮಹತ್ವವನ್ನು ಕೆರಿಬಿಯನ್ ಸಮುದ್ರವೇ ತೋರಿಸಿಕೊಟ್ಟಿದೆ. 1983-84ರಲ್ಲಿ ಅಲ್ಲಿಯ ಮುಳ್ಳುಮೈಯ ಡಯಾಡೆಮಾ ಸೀ ಅರ್ಚಿನ್‌ಗಳು ರೋಗದಿಂದ ಸಾಮೂಹಿಕವಾಗಿ ಸತ್ತವು. ಅತಿಯಾದ ಮೀನುಗಾರಿಕೆಯಿಂದ ಪಾಚಿ ತಿನ್ನುವ ಮೀನುಗಳು ಮೊದಲೇ ವಿರಳವಾಗಿದ್ದ, 1980ರ ಚಂಡಮಾರುತದಿಂದ ಜರ್ಜರಿತವಾಗಿದ್ದ ಜಮೈಕದ ಹವಳದ ದಿಬ್ಬಗಳನ್ನು ಪಾಚಿಯು ಆವರಿಸಿಬಿಟ್ಟಿತು.

ಕಾರಣವನ್ನು ಬಿಟ್ಟು ಕಾರ್ಯವನ್ನಷ್ಟೇ ಅಳಿಸಹೊರಟವರಿಗೆ ಪಾಚಿಯು ಮತ್ತೆ ಮತ್ತೆ ಎದುರಾಗುವುದು; ಮಿತಿಯನ್ನೂ ತಾಳ್ಮೆಯನ್ನೂ ಪಾಲಿಸುವವರ ತೊಟ್ಟಿಯಲ್ಲಿ ಹವಳವು ನೆಲೆಯೂರುವುದು.