ಗೆಲುವಿಗೆ ಕಾಲು ಪಾಲು: ತೂಕದ ಸರಾಸರಿ ಕಲಿಸಲು ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಶ್ರೇಯಾಂಕ

ತರಗತಿ: 10. ವಿಷಯ: ಗಣಿತ. ಘಟಕ: ಸಂಖ್ಯಾಶಾಸ್ತ್ರ. ಅವಧಿ: 40 ನಿಮಿಷಗಳ 2 ಪೀರಿಯಡ್.
ಪೂರ್ವಜ್ಞಾನ: ವರ್ಗೀಕೃತ ದತ್ತಾಂಶದ ಸರಾಸರಿ, ದಶಮಾಂಶ ಗುಣಾಕಾರ, ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣ.

ಎಫ್‌ಎಕ್ಸ್‌ಗಳ ಮೊತ್ತವನ್ನು ಎಫ್‌ಗಳ ಮೊತ್ತದಿಂದ ಭಾಗಿಸಿ ಸರಾಸರಿ ತೆಗೆಯುವುದನ್ನು ಹತ್ತನೇ ತರಗತಿಯ ಮಕ್ಕಳು ಬೇಗ ಕಲಿಯುತ್ತಾರೆ. ಆ 'ಎಫ್' ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ಕೇಳಿದರೆ "ಆವೃತ್ತಿ ಮಿಸ್" ಎನ್ನುತ್ತಾರೆ, ಅಲ್ಲಿಗೆ ನಿಲ್ಲುತ್ತಾರೆ. ಒಂದೊಂದು ಬೆಲೆಗೂ ಎಷ್ಟು ತೂಕ ಎಂದು ಹೇಳುವುದೇ ಅದರ ಕೆಲಸ. ಆ ತೂಕ ಕೆಲವು ಸಲ ಎಣಿಸಿದರೆ ಸಿಗುತ್ತದೆ. ಕೆಲವು ಸಲ ಯಾರೋ ಕುಳಿತು ತೀರ್ಮಾನಿಸಿದ್ದಾಗಿರುತ್ತದೆ. ಲೆಕ್ಕ ಮಾಡುವ ಭರದಲ್ಲಿ ಈ ವ್ಯತ್ಯಾಸ ಮಕ್ಕಳ ಗಮನಕ್ಕೆ ಬರುವುದಿಲ್ಲ. ಅದನ್ನು ತೋರಿಸಲು ನಾನು ಆರಿಸಿಕೊಂಡದ್ದು ಅಮೆರಿಕದ ಪುರುಷರ ಕಾಲೇಜು ಬಾಸ್ಕೆಟ್‌ಬಾಲ್ ಶ್ರೇಯಾಂಕಗಳನ್ನು, ಅದರಲ್ಲೂ 'ಮಿಡ್-ಮೇಜರ್' ಎಂದು ಕರೆಯುವ ತಂಡಗಳ ಕತೆಯನ್ನು.

ಕ್ರಿಕೆಟ್ ಬಿಟ್ಟು ಇದೇಕೆ ಎಂದು ಸಹಪಾಠಿಗಳು ಕೇಳಿದರು. ಎರಡು ಕಾರಣಗಳಿವೆ. ಐಪಿಎಲ್‌ನಲ್ಲಿ 10 ತಂಡಗಳು, ಲೀಗ್ ಹಂತದಲ್ಲಿ ತಲಾ 14 ಪಂದ್ಯ, ಎಲ್ಲರೂ ಎಲ್ಲರ ಜತೆ ಆಡುತ್ತಾರೆ. ಅಲ್ಲಿ ಅಂಕ ಕೂಡಿದರೆ ಸಾಕು, ತೂಕದ ಅಗತ್ಯವೇ ಬೀಳುವುದಿಲ್ಲ. ಎರಡನೆಯದು, ಆರ್‌ಸಿಬಿ ಹೆಸರೆತ್ತಿದ ಮೇಲೆ ತರಗತಿಯಲ್ಲಿ ಲೆಕ್ಕ ನಡೆಯುವುದಿಲ್ಲ. ಗೊನ್ಜಾಗಾ, ವಿಚಿಟಾ ಸ್ಟೇಟ್ ಎಂದರೆ ಯಾರಿಗೂ ಪಕ್ಷಪಾತವಿಲ್ಲ. ಸಂಖ್ಯೆಯನ್ನು ಸಂಖ್ಯೆಯಾಗಿಯೇ ನೋಡುತ್ತಾರೆ.

ಮೊದಲ ಪೀರಿಯಡ್ ಆರಂಭಿಸಿದ್ದು ಹಸ್ತಲಾಘವದ ಹಳೆಯ ಲೆಕ್ಕದಿಂದ. ಎನ್‌ಸಿಎಎ ಎಂಬ ಸಂಸ್ಥೆಯ ಮೊದಲ ದರ್ಜೆಯಲ್ಲಿ ಸುಮಾರು 360 ಕಾಲೇಜು ತಂಡಗಳಿವೆ. ಎಲ್ಲರೂ ಎಲ್ಲರೊಡನೆ ಒಂದೊಂದು ಸಲ ಆಡಬೇಕಾದರೆ 360ನ್ನು 359ರಿಂದ ಗುಣಿಸಿ 2ರಿಂದ ಭಾಗಿಸಬೇಕು: 64,620 ಪಂದ್ಯ. ಒಂದು ತಂಡ ವರ್ಷಕ್ಕೆ ಆಡುವುದು ಸುಮಾರು 30 ಎಂದಿಟ್ಟುಕೊಂಡರೆ ಒಟ್ಟು 5,400 ಪಂದ್ಯ. ಹನ್ನೆರಡು ಜೋಡಿಗಳಲ್ಲಿ ಹೆಚ್ಚೆಂದರೆ ಒಂದು ಜೋಡಿ ಎದುರುಬದುರಾಗುತ್ತದೆ. ಹಾಗಾದರೆ ಪರಸ್ಪರ ಆಡದೇ ಇರುವ ಇಬ್ಬರಲ್ಲಿ ಯಾರು ಮೇಲು ಎಂದು ಹೇಳುವುದು ಹೇಗೆ? ಈ ಪ್ರಶ್ನೆ ಹಲಗೆಯ ಮೇಲೆ ಬಂದ ನಂತರವೇ ಮುಂದಿನ ಮಾತು.

ತಂಡಗಳು ಕಾನ್ಫರೆನ್ಸ್ ಎಂಬ ಒಕ್ಕೂಟಗಳಲ್ಲಿ ಹಂಚಿಹೋಗಿವೆ. ಎಸಿಸಿ, ಬಿಗ್ ಟೆನ್, ಬಿಗ್ 12, ಎಸ್‌ಇಸಿ, ಬಿಗ್ ಈಸ್ಟ್ ಇವುಗಳಿಗೆ ಹಣ, ಟಿವಿ ಪ್ರಸಾರ, ದೊಡ್ಡ ಕ್ರೀಡಾಂಗಣ ಎಲ್ಲ ಇವೆ. ಅವುಗಳ ನಂತರದ ಮಿಸೌರಿ ವ್ಯಾಲಿ, ವೆಸ್ಟ್ ಕೋಸ್ಟ್ ಮುಂತಾದ ಒಕ್ಕೂಟಗಳ ತಂಡಗಳನ್ನು ಮಿಡ್-ಮೇಜರ್ ಎನ್ನುವ ರೂಢಿ. ಇದು ಅಧಿಕೃತ ವರ್ಗೀಕರಣವಲ್ಲ, ಆಟದ ವಲಯದ ಆಡುಮಾತು. ನವೆಂಬರ್, ಡಿಸೆಂಬರ್‌ನಲ್ಲಿ ಹೊರಗಿನ ತಂಡಗಳೊಂದಿಗೆ ಆಡಬಹುದು. ಜನವರಿಯಿಂದ ಹೆಚ್ಚುಕಡಿಮೆ ಎಲ್ಲ ಪಂದ್ಯಗಳೂ ತಮ್ಮ ಒಕ್ಕೂಟದೊಳಗೇ. ದೊಡ್ಡ ತಂಡಗಳು ಚಿಕ್ಕವರನ್ನು ದುಡ್ಡು ಕೊಟ್ಟು ತಮ್ಮ ಅಂಗಣಕ್ಕೆ ಕರೆಸಿಕೊಳ್ಳುತ್ತವೆ, ಚಿಕ್ಕವರ ಅಂಗಣಕ್ಕೆ ಹೋಗುವುದು ಅಪರೂಪ. ಮಿಡ್-ಮೇಜರ್ ತಂಡದ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ: ಬಲವಾದ ಎದುರಾಳಿ ಬೇಕೆಂದರೂ ಸಿಗುವುದಿಲ್ಲ.

ಶ್ರೇಯಾಂಕಗಳಲ್ಲಿ ಹಳೆಯದು ಅಸೋಸಿಯೇಟೆಡ್ ಪ್ರೆಸ್‌ನ ಮತಪಟ್ಟಿ, 1949ರಿಂದ ಇದೆ. ಸುಮಾರು 60 ಕ್ರೀಡಾ ಪತ್ರಕರ್ತರು ವಾರಕ್ಕೊಮ್ಮೆ ತಲಾ 25 ತಂಡಗಳ ಪಟ್ಟಿ ಕೊಡುತ್ತಾರೆ. ಮೊದಲನೆಯದಕ್ಕೆ 25 ಅಂಕ, ಎರಡನೆಯದಕ್ಕೆ 24, ಕೊನೆಯದಕ್ಕೆ 1. ಇದನ್ನು ಬೇಗ ಮುಗಿಸಿದೆ, ಒಂದು ಲೆಕ್ಕ ಮಾತ್ರ ಕೊಟ್ಟೆ. 60 ಜನರೂ ಒಂದು ತಂಡವನ್ನು 25ನೇ ಸ್ಥಾನದಲ್ಲಿಟ್ಟರೆ ಅದಕ್ಕೆ 60 ಅಂಕ. ಇನ್ನೊಂದನ್ನು 10 ಜನ 20ನೇ ಸ್ಥಾನದಲ್ಲಿಟ್ಟು, ಉಳಿದ 50 ಜನ ಹೆಸರೇ ಬರೆಯದಿದ್ದರೆ ಅದಕ್ಕೂ 60. ಎಲ್ಲರೂ ಒಪ್ಪಿದ ತಂಡವೂ ಹತ್ತು ಜನ ಮೆಚ್ಚಿದ ತಂಡವೂ ಒಂದೇ ಸಾಲಿನಲ್ಲಿ ಬಂದದ್ದನ್ನು ಮಕ್ಕಳೇ ಗುರುತಿಸಿದರು.

ಇಲ್ಲಿ ಎದುರಾಳಿಯ ಬಲಕ್ಕೆ ಬರೆದಿಟ್ಟ ತೂಕವಿಲ್ಲ, ಅದು ಮತದಾರನ ತಲೆಯಲ್ಲಿದೆ. 2014ರ ಮಾರ್ಚ್‌ನಲ್ಲಿ ಮಿಸೌರಿ ವ್ಯಾಲಿ ಒಕ್ಕೂಟದ ವಿಚಿಟಾ ಸ್ಟೇಟ್ 34 ಪಂದ್ಯ ಆಡಿ 34ನ್ನೂ ಗೆದ್ದಿತ್ತು. ಆದರೂ ಪಟ್ಟಿಯಲ್ಲಿ 2ನೇ ಸ್ಥಾನ. 1ನೇ ಸ್ಥಾನದಲ್ಲಿದ್ದ ಫ್ಲೋರಿಡಾ 32 ಗೆದ್ದು 2 ಸೋತಿತ್ತು. "ಸೋಲದವರಿಗಿಂತ ಸೋತವರು ಮೇಲೆ ಹೇಗೆ ಮಿಸ್?" ಎಂದು ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆಯೇ ಸೂತ್ರಕ್ಕೆ ಪೀಠಿಕೆಯಾಯಿತು.

ಆ ಸೂತ್ರದ ಹೆಸರು ರೇಟಿಂಗ್ ಪರ್ಸೆಂಟೇಜ್ ಇಂಡೆಕ್ಸ್, ಚಿಕ್ಕದಾಗಿ ಆರ್‌ಪಿಐ. 1981ರಿಂದ 2018ರವರೆಗೆ ರಾಷ್ಟ್ರೀಯ ಟೂರ್ನಿಗೆ ತಂಡಗಳನ್ನು ಆರಿಸುವ ಸಮಿತಿಯ ಕೈಯಲ್ಲಿ ಇದೇ ಇತ್ತು. ಮೂರು ಭಾಗಗಳಿವೆ: ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ 0.25 ತೂಕ, ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ 0.50, ಎದುರಾಳಿಗಳ ಎದುರಾಳಿಗಳ ಗೆಲುವಿನ ಪ್ರಮಾಣಕ್ಕೆ 0.25. ಎದುರಾಳಿಯ ಪ್ರಮಾಣ ತೆಗೆಯುವಾಗ ನಮ್ಮ ತಂಡದೊಡನೆ ಆಡಿದ ಪಂದ್ಯಗಳನ್ನು ಬಿಟ್ಟುಬಿಡುತ್ತಾರೆ. ಮೂರನೆಯ ಭಾಗ ಮಕ್ಕಳಿಗೆ ತೊಡಕಾಯಿತು. ಬಾಣದ ಗುರುತಿನ ಚಿತ್ರ ಬರೆದರೂ ಗೊಂದಲ ಹೋಗಲಿಲ್ಲ. ಕೊನೆಗೆ ಒಬ್ಬ ಹುಡುಗಿ "ಬೀಗರ ಬೀಗರು ಇದ್ದ ಹಾಗೆ" ಎಂದಳು. ಇಡೀ ತರಗತಿಗೆ ತಿಳಿಯಿತು. ನಮ್ಮ ಮನೆತನ ಎಂಥದು ಎಂದು ತೂಗಲು ಬೀಗರನ್ನೂ ಬೀಗರ ಬೀಗರನ್ನೂ ನೋಡುವುದು ಊರಲ್ಲಿ ಅವರು ಕಂಡದ್ದೇ.

ಹಲಗೆಯ ಮೇಲೆ ಎರಡು ತಂಡಗಳನ್ನು ಬರೆದೆ. ಇವು ನಿಜವಾದ ತಂಡಗಳಲ್ಲ, ಗುಣಾಕಾರ ಸುಲಭವಾಗಲೆಂದು ನಾನೇ ಇಟ್ಟ ಸಂಖ್ಯೆಗಳು.

ತಂಡ 'ಅ' (ಮಿಡ್-ಮೇಜರ್): 30ರಲ್ಲಿ 27 ಗೆಲುವು, ಅಂದರೆ 0.90, ಎದುರಾಳಿಗಳು 0.45, ಅವರ ಎದುರಾಳಿಗಳು 0.48.
ತಂಡ 'ಬ' (ದೊಡ್ಡ ಒಕ್ಕೂಟ): 30ರಲ್ಲಿ 18 ಗೆಲುವು, ಅಂದರೆ 0.60, ಎದುರಾಳಿಗಳು 0.60, ಅವರ ಎದುರಾಳಿಗಳು 0.56.

'ಅ'ಗೆ 0.225 + 0.225 + 0.12 = 0.57. 'ಬ'ಗೆ 0.15 + 0.30 + 0.14 = 0.59. ಹನ್ನೆರಡು ಪಂದ್ಯ ಸೋತ ತಂಡ ಮೂರೇ ಪಂದ್ಯ ಸೋತ ತಂಡಕ್ಕಿಂತ ಮೇಲೆ. "ಗೆದ್ದದ್ದಕ್ಕೆ ಕಾಲು ಭಾಗ ಮಾತ್ರವಾ?" ಎಂದು ಕೇಳಿದವರಿಗೆ, 'ಅ' 30ಕ್ಕೆ 30 ಗೆದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಲು ಹೇಳಿದೆ. 0.595 ಬಂತು. ಇಡೀ ವರ್ಷ ಸೋಲದೆ ಆಡಿದರೂ 'ಬ'ಗಿಂತ ಐದು ಸಾವಿರಾಂಶ ಮುಂದೆ, ಅಷ್ಟೆ. ಇನ್ನೊಂದು ದಾರಿಯನ್ನೂ ನೋಡಿದರು: ಗೆಲುವು 27ರಲ್ಲೇ ಇದ್ದು, ಎದುರಾಳಿಗಳ ಪ್ರಮಾಣ 0.45ರ ಬದಲು 0.50 ಆಗಿದ್ದರೂ ಅದೇ 0.595. ಮೂರು ಹೆಚ್ಚುವರಿ ಗೆಲುವುಗಳೂ ಸ್ವಲ್ಪ ಬಲವಾದ ಎದುರಾಳಿಗಳ ಪಟ್ಟಿಯೂ ಈ ಸೂತ್ರದ ಕಣ್ಣಿಗೆ ಒಂದೇ. ಮೊದಲನೆಯದು ಆಟಗಾರರ ಕೈಯಲ್ಲಿದೆ. ಎರಡನೆಯದು ಬಹುಪಾಲು ಅವರ ಕೈಯಲ್ಲಿಲ್ಲ.

ಎರಡನೇ ಪೀರಿಯಡ್‌ನಲ್ಲಿ ತೂಕಗಳನ್ನು ಮಕ್ಕಳ ಕೈಗೆ ಕೊಟ್ಟೆ. ಮೂರೂ ಕೂಡಿ 1 ಆಗಬೇಕು, ಇದೊಂದೇ ನಿಯಮ. ಸ್ವಂತ ಗೆಲುವಿಗೆ 0.50, ಉಳಿದೆರಡಕ್ಕೆ 0.25 ಕೊಟ್ಟ ಗುಂಪಿನಲ್ಲಿ 'ಅ'ಗೆ 0.6825 ಬಂದು ಅದು ಬಹಳ ಮುಂದೆ ಹೋಯಿತು. ನ್ಯಾಯ ಸಿಕ್ಕಿತು ಎಂಬ ಸಂಭ್ರಮದಲ್ಲಿದ್ದಾಗ ಮೂರನೆಯ ತಂಡ 'ಕ'ವನ್ನು ತಂದೆ: 30ಕ್ಕೆ 30 ಗೆಲುವು, ಆದರೆ ಎದುರಾಳಿಗಳು 0.30, ಅವರ ಎದುರಾಳಿಗಳು 0.45. ಹೊಸ ತೂಕದಲ್ಲಿ 'ಕ'ಗೆ 0.6875, ದುರ್ಬಲರನ್ನಷ್ಟೇ ಸೋಲಿಸಿದ ತಂಡವೇ ಮೊದಲ ಸ್ಥಾನಕ್ಕೆ! ಹಳೆಯ ತೂಕದಲ್ಲಿ ಇದೇ ತಂಡ 0.5125ರೊಂದಿಗೆ ಕೊನೆಯಲ್ಲಿತ್ತು. ತರಗತಿ ಎರಡು ಪಾಳಯವಾಯಿತು. ನನ್ನ ಮಟ್ಟಿಗೆ ಪಾಠದ ಅತ್ಯಂತ ಬೆಲೆಯುಳ್ಳ ಹತ್ತು ನಿಮಿಷಗಳು ಇವೇ.

ಜಗಳ ತಣಿಸಲು ಸಮೀಕರಣ ನೆರವಿಗೆ ಬಂತು. ಮೂರನೆಯ ತೂಕವನ್ನು 0.25ರಲ್ಲೇ ಇಟ್ಟು, ಸ್ವಂತ ಗೆಲುವಿನ ತೂಕ ಎಷ್ಟಾದರೆ 'ಅ' ಮತ್ತು 'ಬ' ಸಮನಾಗುತ್ತವೆ? ಬಿಡಿಸಿದರೆ ಸುಮಾರು 0.294. ಅಂದರೆ 0.25ರ ಬದಲು 0.30 ಎಂದಿದ್ದರೆ ಪಟ್ಟಿ ತಿರುವುಮುರುವಾಗುತ್ತಿತ್ತು ('ಅ' 0.5925, 'ಬ' 0.59). ಗುಣಾಕಾರದಲ್ಲಿ ಯಾರೂ ತಪ್ಪು ಮಾಡಿಲ್ಲ, ಆದರೂ ಉತ್ತರ ಬೇರೆ. ಲೆಕ್ಕ ಸರಿಯೇ ಎಂಬ ಪ್ರಶ್ನೆಯೂ ತೂಕ ಸರಿಯೇ ಎಂಬ ಪ್ರಶ್ನೆಯೂ ಬೇರೆಬೇರೆ ಎಂದು ನಾನು ಹೇಳಿಕೊಡಬೇಕಾಗಿ ಬರಲಿಲ್ಲ.

ತೂಕ ಬದಲಾಯಿಸಿದ ನಿಜವಾದ ಉದಾಹರಣೆಯೂ ಇದೆ. 2004-05ರಿಂದ ಆರ್‌ಪಿಐನಲ್ಲಿ ಸ್ವಂತ ಅಂಗಣದ ಗೆಲುವನ್ನು 0.6 ಎಂದೂ ಹೊರಗಿನ ಗೆಲುವನ್ನು 1.4 ಎಂದೂ ಎಣಿಸತೊಡಗಿದರು; ಸೋಲಿಗೆ ಇದರ ತಿರುವು, ಅಂಗಣದಲ್ಲಿ 1.4, ಹೊರಗೆ 0.6. ಎಲ್ಲ ಪಂದ್ಯ ಮನೆಯಲ್ಲೇ ಆಡಿ 8 ಗೆದ್ದು 2 ಸೋತ ತಂಡಕ್ಕೆ 4.8ನ್ನು 7.6ರಿಂದ ಭಾಗಿಸಿ 0.632. ಎಲ್ಲ ಹೊರಗೇ ಆಡಿ ಅಷ್ಟೇ ಗೆದ್ದು ಅಷ್ಟೇ ಸೋತ ತಂಡಕ್ಕೆ 11.2ನ್ನು 12.4ರಿಂದ ಭಾಗಿಸಿ 0.903. ಎರಡಕ್ಕೂ ಮೊದಲು 0.80 ಇತ್ತು. ಬಸ್ಸು ಹತ್ತಿ ಹೋಗಿ ಆಡುವವರಿಗೆ ಇದು ಸ್ವಲ್ಪ ಅನುಕೂಲ. ಆದರೆ 0.25, 0.50, 0.25 ಎಂಬ ಮೂಲ ತೂಕಗಳು ಹಾಗೆಯೇ ಉಳಿದವು.

2018-19ರಿಂದ ಆರ್‌ಪಿಐ ಜಾಗಕ್ಕೆ 'ನೆಟ್' ಎಂಬ ಅಳತೆ ಬಂದಿದೆ. ಪ್ರತಿ ನೂರು ಸರದಿಗೆ ಎಷ್ಟು ಅಂಕ ಗಳಿಸಿದರು, ಎಷ್ಟು ಬಿಟ್ಟುಕೊಟ್ಟರು ಎಂಬುದನ್ನು ಎದುರಾಳಿಯ ಬಲಕ್ಕೆ ಹೊಂದಿಸಿ ನೋಡುತ್ತದೆ. ಪೂರ್ತಿ ಸೂತ್ರವನ್ನು ಬಹಿರಂಗಪಡಿಸಿಲ್ಲವಾದ್ದರಿಂದ ತರಗತಿಗೆ ಹಳೆಯದೇ ಒಳ್ಳೆಯದು. ನೆಟ್‌ನಿಂದ ನಾನು ಬಳಸಿಕೊಂಡದ್ದು ಒಂದು ಪ್ರಸಂಗವನ್ನು ಮಾತ್ರ. 2024ರ ಫೆಬ್ರವರಿಯಲ್ಲಿ ಇಂಡಿಯಾನಾ ಸ್ಟೇಟ್ ಪತ್ರಕರ್ತರ ಪಟ್ಟಿಗೆ 23ನೇ ಸ್ಥಾನದಲ್ಲಿ ಬಂತು; ಲ್ಯಾರಿ ಬರ್ಡ್ ಆಡಿದ 1978-79ರ ನಂತರ ಅದೇ ಮೊದಲು. ಅದೇ ವಾರ ಸೋತು ಪಟ್ಟಿಯಿಂದ ಹೊರಬಿತ್ತು. ರಾಷ್ಟ್ರೀಯ ಟೂರ್ನಿಯ 68 ಸ್ಥಾನಗಳಲ್ಲಿ ಆ ವರ್ಷ 32 ಒಕ್ಕೂಟಗಳ ವಿಜೇತರಿಗೆ, 36 ಸಮಿತಿಯ ಆಯ್ಕೆಗೆ. ತಮ್ಮ ಒಕ್ಕೂಟದ ಫೈನಲ್‌ನಲ್ಲಿ ಅವರು ಡ್ರೇಕ್ ಎದುರು 84-80ರಲ್ಲಿ ಸೋತರು. 28 ಗೆಲುವು, 6 ಸೋಲು, ನೆಟ್‌ನಲ್ಲಿ ಮೊದಲ 30ರೊಳಗೆ ಸ್ಥಾನ. ಆದರೂ ಸಮಿತಿ ಅವರನ್ನು ಕರೆಯಲಿಲ್ಲ. ಬಲಿಷ್ಠರ ಎದುರು ಪಡೆದ ಗೆಲುವುಗಳು ಸಾಲದಾದವು. ಕಬಡ್ಡಿ ಆಡುವ ಹುಡುಗನೊಬ್ಬ, "ನಮ್ಮಲ್ಲಿ ಹೋಬಳಿ ಗೆದ್ದರೆ ತಾಲ್ಲೂಕು, ತಾಲ್ಲೂಕು ಗೆದ್ದರೆ ಜಿಲ್ಲೆ. ಯಾರೂ ಕರೆಯಬೇಕಾಗಿಲ್ಲ" ಎಂದ. ಆದರೆ ಅಲ್ಲಿ ಒಂದೇ ದಿನ ಸೋತರೆ ವರ್ಷವೇ ಮುಗಿಯಿತಲ್ಲ ಎಂದು ಪಕ್ಕದವನು ಉತ್ತರ ಕೊಟ್ಟ.

ಎಲ್ಲ ಮಿಡ್-ಮೇಜರ್‌ಗಳ ಪಾಡೂ ಇದೇ ಎಂದು ಬಿಂಬಿಸಬಾರದು. ವೆಸ್ಟ್ ಕೋಸ್ಟ್ ಒಕ್ಕೂಟದ ಗೊನ್ಜಾಗಾ ವರ್ಷದ ಮೊದಲೆರಡು ತಿಂಗಳು ಬಲಿಷ್ಠರನ್ನು ಹುಡುಕಿಕೊಂಡು ಹೋಗಿ ಆಡುತ್ತಾ 2013ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ 1ನೇ ಸ್ಥಾನಕ್ಕೇರಿತು. ಅವರನ್ನು ಇನ್ನೂ ಮಿಡ್-ಮೇಜರ್ ಎನ್ನಬಹುದೇ ಎಂಬುದೇ ಈಗ ಚರ್ಚೆ. ಇನ್ನು ಮೇಲಿನ ವಿಚಿಟಾ ಸ್ಟೇಟ್ 2014ರ ಟೂರ್ನಿಯ ಎರಡನೇ ಪಂದ್ಯದಲ್ಲಿ ಕೆಂಟಕಿಗೆ 78-76ರಲ್ಲಿ ಸೋತಿತು. ಪತ್ರಕರ್ತರ ಅನುಮಾನ ಸರಿಯಾಗಿತ್ತು ಎಂದು ಅರ್ಧ ತರಗತಿ ತೀರ್ಪಿತ್ತಿತು. ಆ ಕೆಂಟಕಿ ಫೈನಲ್‌ವರೆಗೆ ಹೋಯಿತು ಎಂದಾಗ ಕೆಲವರು ತೀರ್ಪು ಹಿಂದಕ್ಕೆ ಪಡೆದರು. ಎರಡು ಅಂಕಗಳ ಒಂದೇ ಸೋಲಿನಿಂದ ವರ್ಷವಿಡೀ ಕೊಟ್ಟ ತೂಕ ಸರಿಯೋ ತಪ್ಪೋ ಎಂದು ಹೇಳಲಾಗದು. ಒಂದು ಪಂದ್ಯ ಒಂದೇ ದತ್ತಾಂಶ.

ಇದನ್ನು ಬಳಸುವ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಒಂದೇ ಪೀರಿಯಡ್ ಸಿಕ್ಕಿದರೆ ಮತಪಟ್ಟಿಯನ್ನೂ 0.6, 1.4ರ ಲೆಕ್ಕವನ್ನೂ ಕೈಬಿಡಿ. 'ಅ', 'ಬ', 'ಕ' ಮೂರನ್ನು ಬಿಡಬೇಡಿ. ದಶಮಾಂಶ ಗುಣಾಕಾರ ನಿಧಾನವಿರುವ ತರಗತಿಯಲ್ಲಿ ತೂಕಗಳನ್ನು 1, 2, 1 ಎಂದು ಬರೆದು 4ರಿಂದ ಭಾಗಿಸಿದರೂ ಅದೇ ಉತ್ತರ. ಪಠ್ಯದ 'ಎಫ್' ಜತೆಗಿನ ನಂಟು ಆಗ ಇನ್ನೂ ಚೆನ್ನಾಗಿ ಕಾಣುತ್ತದೆ.

ಮೌಲ್ಯಮಾಪನಕ್ಕೆ ಕೊಟ್ಟದ್ದು ಒಂದೇ ಪ್ರಶ್ನೆ. 2021ರಲ್ಲಿ ಮಿಸೌರಿ ವ್ಯಾಲಿಯ ಲೊಯೋಲಾ ಶಿಕಾಗೊ ಪತ್ರಕರ್ತರ ಪಟ್ಟಿಯಲ್ಲಿ 17ನೇ ಸ್ಥಾನದಲ್ಲಿತ್ತು. ಟೂರ್ನಿಯಲ್ಲಿ ಪ್ರತಿ ಸೀಡ್‌ಗೆ ನಾಲ್ಕು ತಂಡ. ಪತ್ರಕರ್ತರ ಲೆಕ್ಕದಂತೆ ಅದಕ್ಕೆ ಯಾವ ಸೀಡ್ ಸಿಗಬೇಕಿತ್ತು? ಸಮಿತಿ ಕೊಟ್ಟದ್ದು 8ನೇ ಸೀಡ್. ಹಾಗಾದರೆ ಸಮಿತಿಯ ಕಣ್ಣಲ್ಲಿ ಅದು ಸುಮಾರು ಎಷ್ಟನೇ ತಂಡ? ಹೆಚ್ಚಿನವರು 5ನೇ ಸೀಡ್ ಎಂದೂ 29ರಿಂದ 32ರ ನಡುವೆ ಎಂದೂ ಸರಿಯಾಗಿ ಬರೆದರು. ಲೊಯೋಲಾ ಆ ಟೂರ್ನಿಯಲ್ಲಿ 1ನೇ ಸೀಡ್ ಇಲಿನಾಯ್ ತಂಡವನ್ನು 71-58ರಿಂದ ಸೋಲಿಸಿತೆಂದು ಉತ್ತರ ಪತ್ರಿಕೆಗಳನ್ನು ತೆಗೆದುಕೊಂಡ ಮೇಲೆ ಹೇಳಿದೆ.